ಮುನ್ನೂರ ಹನ್ನೆರಡು

ಕಮ್ಮನಹಳ್ಳಿಯ ಮೂರನೇ ಮಹಡಿ, ಕೆಳಗೆ ಬಿರಿಯಾನಿಯ ಹೊಗೆ.
ಗಾಜಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಕ್ಯಾಮೆರಾ,
ಒಂದು ನಿಯಮ: ನಾನು ನೆರವಾಗಕೂಡದು.

ಗೋಡೆಯ ಮೇಲೆ ನಮ್ಮ ಬಳಕೆದಾರಳ ಚಿತ್ರಪಟ:
ತನಿಷಾ, ಮೂವತ್ತೆರಡು, ಬೆಳಿಗ್ಗೆ ಓಡುತ್ತಾಳೆ,
ಸದಾ ಅವಸರ, ಓಟ್ಸ್ ಇಷ್ಟ.
ಅವಳಿಗೆಂದೇ ಕಟ್ಟಿದ್ದೆವು ಇಡೀ ಜಾಲತಾಣ.
ಈವರೆಗೆ ಅವಳು ಒಮ್ಮೆಯೂ ಬಂದಿಲ್ಲ.

ಬಂದದ್ದು ಫಿಲೋಮಿನಾ ಮೇರಿ.
ಲಿಂಗರಾಜಪುರದ ಹಾಸ್ಟೆಲಿನಲ್ಲಿ ಅಡುಗೆ, ವಯಸ್ಸು ಐವತ್ತನಾಲ್ಕು,
ಉಗುರಂಚಿನಲ್ಲಿ ಅರಿಶಿನ; ಪರದೆ ಮುಟ್ಟುವ ಮುನ್ನ
ಸೆರಗಿಗೆ ಬೆರಳು ಒರೆಸಿಕೊಂಡರು, ಎರಡೆರಡು ಸಲ.

ಚೀಟಿ ಕೊಟ್ಟೆ: ರಕ್ತಪರೀಕ್ಷೆಯ ರಿಪೋರ್ಟ್ ಇಳಿಸಿಕೊಳ್ಳಿ,
ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತಿರಿ.
ಗಡಿಯಾರ ಒತ್ತಿದೆ.

ಮೂಲೆಯ ಮೂರು ಗೆರೆ ನೋಡಿ ನಕ್ಕರು:
'ಓನರ್ ತಾತನ ವಿಭೂತಿ ಇದ್ದಂಗೈತೆ.
ಅದನ್ನ ಯಾರಾದ್ರೂ ಮುಟ್ತಾರಾ?'
ಮುಟ್ಟಲಿಲ್ಲ. ಮೆನು ಅಲ್ಲೇ ಇತ್ತು.

ಆಮೇಲೆ ಕೆಳಮುಖದ ಬಾಣ ಕಂಡಿತು.
ಬಾಣ ತೋರಿಸಿದ ಕಡೆಗೇ ಹೋದರು, ಪಾಪ,
ಪುಟವನ್ನು ಜಾರಿಸಿ ಜಾರಿಸಿ ತಳದವರೆಗೆ.
ಅಲ್ಲಿ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಿತ್ತು, ಅಷ್ಟೆ.
'ಹೇಳ್ದಂಗೇ ಬಂದ್ನಲ್ಲ ಮೇಡಂ, ಇಲ್ಲೇನೂ ಇಲ್ವೇ?'
'ನಿಮಗೇನನ್ನಿಸುತ್ತೆ?' ಎಂದೆ,
ದಾರಿ ಗೊತ್ತಿದ್ದೂ ಸುತ್ತಿಸುವ ಆಟೋದವನ ಹಾಗೆ.

'ತಪ್ಪು ನಂದೇ ಇರ್ಬೇಕು.'
ಎಲ್ಲರೂ ಇದನ್ನೇ ಹೇಳುತ್ತಾರೆ.
ನಮ್ಮ ತಪ್ಪನ್ನು ಎಷ್ಟು ಸಲೀಸಾಗಿ ಮಡಿಲಿಗೆ ಹಾಕಿಕೊಳ್ಳುತ್ತಾರೆ.

ಏಳು ನಿಮಿಷ ನಲವತ್ತು ಸೆಕೆಂಡಿಗೆ ಹೇಗೋ ಸಿಕ್ಕಿತು.
ನಾನು ಗಡಿಯಾರ ನಿಲ್ಲಿಸಿದೆ; ಅವರು ನಿಲ್ಲಲಿಲ್ಲ.
ಕನ್ನಡಕ ಏರಿಸಿ ಓದತೊಡಗಿದರು.
ಹೆಸರು: ಟೆಸ್ಟ್ ಟೂ. ಹೆಣ್ಣು. ನಲವತ್ತೊಂದು.
ತಿಂಡಿಗೆ ಮುಂಚಿನ ಸಕ್ಕರೆ: ಮುನ್ನೂರ ಹನ್ನೆರಡು.

'ಯಾರಿದು?'
ಯಾರೂ ಅಲ್ಲಮ್ಮ, ಸುಮ್ಮನೆ ಹಾಕಿದ್ದು;
ನಮ್ಮ ವೃಷಭ್ ಊಟಕ್ಕೆ ಏಳುವ ಮುಂಚೆ ಕುಟ್ಟಿದ ಅಂಕಿ.
'ಮುನ್ನೂರ ಹನ್ನೆರಡು! ಖಾಲಿ ಹೊಟ್ಟೇಲಿ!
ನಮ್ಮಕ್ಕಂಗೆ ಇನ್ನೂರ ಎಂಬತ್ತು ಇದ್ದಾಗ್ಲೇ ಕಾಲು ಹೋಯ್ತು.
ಈ ಯಮ್ಮಂಗೆ ಯಾರಾದ್ರೂ ಹೇಳಿದ್ರಾ?'

ನನ್ನ ಹಾಳೆಯಲ್ಲಿ ಇದಕ್ಕೆ ಅಂಕಣವಿರಲಿಲ್ಲ.
ಕೆಲಸ ಮುಗಿಯಿತೆ: ಹೌದು. ತಪ್ಪಾಗಿ ಒತ್ತಿದ್ದು: ಹನ್ನೊಂದು.

ಐನೂರರ ಕೂಪನ್ನಿಗೆ ಸಹಿ ಹಾಕಿ
ಲಿಫ್ಟಿನ ಬಾಗಿಲಲ್ಲಿ ಮತ್ತೆ ತಿರುಗಿದರು:
'ಒಂದು ಫೋನ್ ಮಾಡ್ಬಿಡಿ ಅವ್ರಿಗೆ.'

ಅಂದು ಸಂಜೆಯೇ ವಿಭೂತಿಯ ಕೆಳಗೆ 'ಪಟ್ಟಿ' ಎಂದು ಬರೆದೆವು,
ಬಾಣದ ಪಕ್ಕ 'ಇಳಿಸಿಕೊಳ್ಳಿ'.
ಅಂಕಿಯನ್ನೂ ತಿದ್ದಿದೆ, ಗೊಂದಲ ಬೇಡವೆಂದು:
ತೊಂಬತ್ತಾರು.

ಮುಂದಿನ ವಾರ ಆರು ಜನ,
ಎಲ್ಲರೂ ಎರಡು ನಿಮಿಷದೊಳಗೆ ಮುಗಿಸಿ ಎದ್ದರು.
ತಂಡ ಮಸಾಲೆ ದೋಸೆ ತರಿಸಿತು.
ಆ ಕೊನೆಯ ಪುಟದಲ್ಲಿ ಯಾರ ಕಣ್ಣೂ ತಂಗಲಿಲ್ಲ,
ಟೆಸ್ಟ್ ಟೂ ಯಾರೆಂದು ಒಬ್ಬರೂ ಕೇಳಲಿಲ್ಲ.

ರಾತ್ರಿ ಹತ್ತೂವರೆ. ಕೆಳಗೆ ಹಂಡೆ ತಿಕ್ಕುವ ಸದ್ದು.
ಮುನ್ನೂರ ಹನ್ನೆರಡನ್ನು ಮತ್ತೆ ತುಂಬಿ
ಅದರಡಿ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದೇನೆ.
ಅಲ್ಲೇನು ಬರೆಯಬೇಕೋ ತೋಚುತ್ತಿಲ್ಲ.
ನಾಳೆ, ಹಾಸ್ಟೆಲಿನ ಹುಡುಗಿಯರ ಊಟವಾದ ಮೇಲೆ,
ಲಿಂಗರಾಜಪುರಕ್ಕೆ ಫೋನ್ ಮಾಡಿ ಕೇಳಬೇಕು.