ಋಣ ಚಿಹ್ನೆ

ಹೋಬಾರ್ಟಿನ ಬಂದರುಕಟ್ಟೆ, ಮೂರನೆಯ ಗೋದಾಮು.
ಎಂಬತ್ತೇಳರ ಟೇಪು, ಮುಟ್ಟಿದರೆ ಅಂಟು.
ಐವತ್ತು ಡಿಗ್ರಿಯ ಒಲೆಯಲ್ಲಿ ಎಂಟು ತಾಸು
ಹಪ್ಪಳದ ಹಾಗೆ ಒಣಗಿಸಿದರೆ
ಒಂದು ಸಲ, ಒಂದೇ ಸಲ ಓದಿಸಿಕೊಳ್ಳುತ್ತದೆ.

ಓದಿಸಿಕೊಂಡಿತು.
ಆಳ, ಉಪ್ಪು, ಬಿಸುಪು, ಬಲೆಗೆ ಬಿದ್ದ ಮೀನಿನ ಲೆಕ್ಕ.
ಕಡತಗಳ ಹೆಸರೋ:
‘ಹೊಸದು’, ‘ಹೊಸದು ಎರಡು’, ‘ಇದೇ ಸರಿ’,
‘ಇದೇ ಸರಿ, ಅದಲ್ಲ’.

ಹದಿನಾಲ್ಕನೆಯ ತಾಣ ಮಾತ್ರ ನಕಾಶೆಯಲ್ಲಿ
ಹೊಕ್ಕೈಡೋ ಪಕ್ಕ ಹೋಗಿ ಕೂತಿದೆ.
ತಿಂಡಿಗೆ ಟಾಸ್ಮೇನಿಯ, ಊಟಕ್ಕೆ ಜಪಾನು:
ಅಂಥ ಹಡಗು ಇನ್ನೂ ಹುಟ್ಟಿಲ್ಲ.
ಅಕ್ಷಾಂಶದ ಮುಂದೆ ಒಂದು ಗೆರೆ ಬಿಟ್ಟುಹೋಗಿದೆ, ಅಷ್ಟೆ.
ಋಣ ಚಿಹ್ನೆ.
ಯಾರದೋ ಬಾಕಿ.

ತಿದ್ದುವ ಮುನ್ನ ಸಾಕ್ಷಿ ಬೇಕು.
ಡೆಕ್ಕಿನ ದಿನಚರಿ ತೆಗೆದೆ. ನೀರುಂಡ ಹಾಳೆ, ಪೆನ್ಸಿಲು,
ಲಾಕ್ಲನ್ ಪೆಂಗೆಲ್ಲಿಯ ಗೂನು ಅಕ್ಷರ:
‘ರಾತ್ರಿ ಎರಡೂ ನಲವತ್ತು. ರಾಟೆ ಸಿಕ್ಕಿಕೊಂಡಿತು.
ಕೈಯಿಂದಲೇ ಎಳೆದೆವು.
ಬೆರಳು ಬರೆಯಲೊಲ್ಲದು. ಹದಿನಾಲ್ಕು ಮುಗಿಯಿತು.’

ಆ ಬೆರಳು ಬಿಟ್ಟ ಗೆರೆ ಇದು.
ಮೂವತ್ತೇಳು ವರ್ಷ ಯಾರೂ ಕೇಳಲಿಲ್ಲ.

ಎಳೆದೆ.
ಟಿಪ್ಪಣಿಯಲ್ಲಿ ಕಾರಣ, ತಾರೀಖು, ನನ್ನ ಹೆಸರು.
ಹಳೆಯ ತಪ್ಪನ್ನು ಅಳಿಸಲಿಲ್ಲ, ಪಕ್ಕದಲ್ಲೇ ಇಟ್ಟೆ;
ಈ ಕಸುಬಿನ ಮರ್ಯಾದೆ ಅದು.

ನಕಾಶೆ ಒಮ್ಮೆ ಮಿಟುಕಿತು.
ಹಡಗು ಭೂಮಧ್ಯರೇಖೆ ದಾಟಿ ಬಂದು
ಹದಿಮೂರಕ್ಕೂ ಹದಿನೈದಕ್ಕೂ ನಡುವೆ
ಏನೂ ಆಗದವರಂತೆ ನಿಂತಿತು.

ಬಲೆಯಲ್ಲಿ ನಲವತ್ತೊಂದು ಮೀನು.
ಒಂದಕ್ಕೆ ಮಾತ್ರ ಹೆಸರಿನ ಜಾಗದಲ್ಲಿ
ಪೆಂಗೆಲ್ಲಿಯ ಪ್ರಶ್ನಾರ್ಥಕ.

ಅದು ನಾಳೆಗೆ.