ಜುಂಬೆರ್ ಇಟ್ಟ ಪಾಸ್‌ವರ್ಡ್

ವೈಫೈ ಡಬ್ಬಿಯನ್ನು ಗೋಡೆಗೆ ಹೊಡೆದವನು ಅವನೇ,
ಗಡಿಯಾರದ ಕೆಳಗೆ, ಸೊಟ್ಟ ಮೊಳೆಯಲ್ಲಿ.
ನನ್ನ ಫೋನು ಕಿತ್ತುಕೊಂಡು ಏನೇನೋ ಒತ್ತಿ
"ಆಯ್ತು ನೋಡು" ಅಂದ. ಪಾಸ್‌ವರ್ಡ್ ಏನು ಅಂದರೆ
ಮೀಸೆಯೊಳಗೇ ನಕ್ಕ.
ಆ ನಗೆಯನ್ನು ನಾನಾಗ ಲೆಕ್ಕಕ್ಕೆ ಹಿಡಿಯಲಿಲ್ಲ.

ಮೂರನೇ ವರ್ಷ ಹೊರಟೇ ಹೋದ.
ಪೆನ್ಷನ್ ಪುಸ್ತಕ, ನಾರ್ದಿ ಆಟದ ಹಲಗೆ,
ಬೇಕರಿಯವನಿಗೆ ಕೊಡಬೇಕಾದ ಸಾಲ, ಎಲ್ಲ ಸಿಕ್ಕಿತು.
ಆ ಒಂದು ಮಾತು ಮಾತ್ರ
ಫೋನಿನೊಳಗೆ ಕಪ್ಪು ಚುಕ್ಕಿಗಳಾಗಿ ಸಾಲಾಗಿ ಕೂತಿತ್ತು,
ಸಾವಿನ ಮನೆಗೆ ಬಂದ ದೂರದ ನೆಂಟರ ಹಾಗೆ.
ಯಾರೆಂದು ಕೇಳುವಂತಿಲ್ಲ.

ಮೇಲಿನ ಮನೆಯ ನೂನು ಜೊತೆ
ಮಾತು ಬಿಟ್ಟು ಆಗಲೇ ಹನ್ನೊಂದು ವರ್ಷ.
ಕಾರಣ ಬಟ್ಟೆ ಹಗ್ಗ. ಅವಳ ಒದ್ದೆ ಚಾದರ
ನಮ್ಮ ಕಿಟಕಿಯ ಬೆಳಕೆಲ್ಲ ಕುಡಿಯುತ್ತಿತ್ತು.
ಹಗ್ಗಕ್ಕೂ ಹಿಂದಿನ ಕಾರಣ, ಬೆಳಗಿನ ಆರಕ್ಕೆ ಕುಟ್ಟಾಣಿ:
ಅಕ್ರೋಟು, ಟಣ್ ಟಣ್, ನಮ್ಮ ಹಾಸಿಗೆಯ ನೆತ್ತಿಗೇ ಸರಿಯಾಗಿ.

ಜನವರಿಯ ಒಂದು ರಾತ್ರಿ. ತ್ಬಿಲಿಸಿಯಲ್ಲಿ ಅಪರೂಪಕ್ಕೆ ಹಿಮ.
ಅಂಗಳದ ಸುರುಳಿ ಮೆಟ್ಟಿಲ ಕಬ್ಬಿಣ ಗುಂಯ್‌ಗುಟ್ಟಿತು.
ಬಾಗಿಲಲ್ಲಿ ನೂನು. ಗಂಡಸರ ಕೋಟು, ಬರಿಗಾಲಿಗೆ ಚಪ್ಪಲಿ,
ಮುಷ್ಟಿಯಲ್ಲಿ ಫೋನು.
"ಇಟಲಿಯಲ್ಲಿ ತಂಗಿಗೆ ಆಪರೇಷನ್. ಡೇಟಾ ಮುಗಿದಿದೆ."
ಹನ್ನೊಂದು ವರ್ಷಕ್ಕೆ ಅಷ್ಟೇ ಮಾತು.
ಅದರಲ್ಲೂ ನನ್ನ ಹೆಸರಿರಲಿಲ್ಲ.

ಪಾಸ್‌ವರ್ಡ್ ನನಗೇ ಗೊತ್ತಿಲ್ಲ ಅಂದರೆ ನಂಬುತ್ತಾಳೆಯೇ?
ಕೆಳಗಿನ ಮನೆಯ ಹುಡುಗ ಶಾಲ್ವಾ ಒಮ್ಮೆ ತೋರಿಸಿದ್ದ,
ಇಲ್ಲಿ ಒತ್ತು, ಆಮೇಲೆ ಇಲ್ಲಿ. ತೆರೆಯ ಮೇಲೆ ಮೂಡಿತು
ಹುಚ್ಚೆದ್ದ ಪದಬಂಧದಂಥ ಕಪ್ಪುಬಿಳಿ ಚೌಕ.
ಅವಳ ಫೋನು ದಿಟ್ಟಿಸಿತು, ನನ್ನದು ದಿಟ್ಟಿಸಿಕೊಂಡಿತು,
ಅಷ್ಟೇ, ಕೂಡಿಕೊಂಡವು.
ನಾವು ಹೊಸ್ತಿಲಿಂದಾಚೆಗೊಬ್ಬಳು, ಈಚೆಗೊಬ್ಬಳು.
ಚೌಕದ ಕೆಳಗೆ ಸಣ್ಣಕ್ಷರದಲ್ಲಿ ಏನೋ ಇತ್ತು.
ನನ್ನ ಕನ್ನಡಕ ಬ್ರೆಡ್ಡಿನ ಡಬ್ಬಿಯ ಮೇಲೆ,
ಅವಳದ್ದು ಅವಳ ಮನೆಯಲ್ಲಿ.

ತಂಗಿ ಬದುಕಿದಳು.
ಜೇನಿನ ಅಕ್ರೋಟು ಮಿಠಾಯಿ ಒಂದು ತಟ್ಟೆ ಇಳಿದು ಬಂತು.
ತಟ್ಟೆ ತೊಳೆದು ವಾಪಸು ಕಳಿಸಿದೆ, ಖಾಲಿ.

ಮಾರನೇ ವರ್ಷದ ಜೂನು. ಹುಳಿ ಪ್ಲಮ್ಮು ಕುದಿಸುತ್ತಾ ಬಗ್ಗಿದೆ,
ಏಪ್ರನ್ನಿನ ಜೇಬಿಂದ ಫೋನು ಜಾರಿ ಗೊಜ್ಜಿಗೆ ಬಿತ್ತು.
ಎತ್ತಿ ಒರೆಸಿದೆ. ನೆಕ್ಕಿಯೂ ನೋಡಿದೆ.
ಉಪ್ಪು ಸರಿಯಿತ್ತು. ಫೋನು ಸತ್ತಿತ್ತು.
ಹೊಸ ಫೋನು ಕೇಳಿತು: ಪಾಸ್‌ವರ್ಡ್?
ಜುಂಬೆರನನ್ನು ಕೇಳಬೇಕು, ಇಲ್ಲವೇ
ಹತ್ತೊಂಬತ್ತು ಮೆಟ್ಟಿಲು ಹತ್ತಬೇಕು.

ಈ ಸಲ ನೂನು ಕನ್ನಡಕ ಹಾಕಿದ್ದಳು.
ಚೌಕ ತೆರೆದು, ಕೆಳಗಿನ ಸಾಲಿಗೆ ಹುಬ್ಬು ಗಂಟಿಕ್ಕಿ,
ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಅಕ್ಷರ ಕೂಡಿಸಿದಳು.
ಪದಗಳ ನಡುವೆ ಜಾಗವೇ ಇಲ್ಲ,
ಅರ್ಥ ಒಂದು ಉಸಿರು ತಡವಾಗಿ ಬಂತು:

ನೂನುಮೆಲ್ಲಗೆಕುಟ್ಟೇ74

ಎಪ್ಪತ್ತನಾಲ್ಕು ನಮ್ಮ ಮದುವೆಯ ವರ್ಷ.
ನಾನು ನೆಲ ನೋಡಿದೆ. ನೆಲದ ಮೇಲೂ ಕುಟ್ಟಾಣಿಯೇ.
ಮೊದಲು ಅವಳ ಭುಜ ಅಲುಗಿತು. ಅಳುತ್ತಾಳೆ ಅಂದುಕೊಂಡೆ.
"ಒಂದೂವರೆ ವರ್ಷ," ಅಂದಳು ಉಸಿರು ಸಿಕ್ಕ ಮೇಲೆ,
"ಆ ಪುಣ್ಯಾತ್ಮನ ತಕರಾರನ್ನು ಜೇಬಲ್ಲಿಟ್ಟುಕೊಂಡು
ತಂಗಿ ಜೊತೆ ಮಾತಾಡಿದ್ದೀನಲ್ಲೇ!"
ಬದಲಾಯಿಸಲೇ, ಅಂದೆ.
"ಬೇಡ, ಲಮಾರಾ."

ಈಗ ಶಾಲ್ವಾನ ಫೋನಿಗೂ ಅದೇ,
ಹಿಂದಿನ ಕೋಣೆಯ ಬಾಡಿಗೆ ಹುಡುಗರಿಗೂ,
ಗ್ಯಾಸ್ ಮೀಟರ್ ನೋಡಲು ಬರುವವನಿಗೂ.
ಹಿಪ್ಪುನೇರಳೆ ಮರ ದಾಟುತ್ತಲೇ ಒಂದೊಂದು ಫೋನೂ
ತುಟಿ ಪಿಟಿಕ್ಕೆನ್ನದೆ ಆ ಮಾತು ಹೇಳಿ ಒಳಗೆ ಬರುತ್ತದೆ.

ಬೆಳಗಿನ ಆರು. ಟಣ್.
ಎಂದಿಗಿಂತ ಜೋರಾಗಿಯೇ ಕುಟ್ಟುತ್ತಿದ್ದಾಳೆ.
ಅವನ ಕಡೆಯ ದಿಂಬಿಗೆ, ಕೇಳಿಸಿತಾ, ಅನ್ನುತ್ತೇನೆ.
ಏಳುತ್ತೇನೆ.