ಮೊಣಕೈಯ ಮಾತು

ರೇಡಿಯೋ ಹೇಳಿತು: ಮಧ್ಯಾಹ್ನ ಎರಡರವರೆಗೆ ಭಯವಿಲ್ಲ.
ಸಿರಿಲ್‌ನ ಎಡ ಮೊಣಕೈ ಹೇಳಿತು: ಹನ್ನೊಂದು.
ಶೂ ಕಾರ್ಖಾನೆಯ ಬೆಲ್ಟಿಗೆ ಸಿಕ್ಕಿ ಮುರಿದು
ಸೊಟ್ಟಗೆ ಕೂಡಿಕೊಂಡ ಮೂಳೆ,
ಅಂದಿನಿಂದ ಅದೇ ಅವನ ಮನೆದೇವರು.
ನಾನು ನಕ್ಕೆ. ಬುತ್ತಿ ಕಟ್ಟಿದೆ:
ಕರಿ ರೊಟ್ಟಿ, ಗಟ್ಟಿ ಚೀಸು, ಎರಡು ಸೇಬು,
ಬೇಡ ಬೇಡವೆಂದರೂ ಒಂದು ಛತ್ರಿ.

ಸ್ಟೊರ್ಝಿಚ್ ನನ್ನ ಅಡುಗೆಮನೆ ಕಿಟಕಿಯ ಬೆಟ್ಟ.
ಮೂವತ್ತೊಂದು ವರ್ಷ ಪಾತ್ರೆ ತೊಳೆಯುತ್ತ ನೋಡಿದ್ದೇನೆ,
ಅದು ಒಂದು ದಿನವೂ ಇತ್ತ ನೋಡಿದಂತಿಲ್ಲ.
ಕೇಳುವುದೇನೂ ಇರಲಿಲ್ಲ ಅದನ್ನು. ಸುಮ್ಮನೆ ಹೊರಟೆ.

ಬೀಚ್ ಮರಗಳ ಕೆಳಗೆ ಕತ್ತಲೆ ಇನ್ನೂ ಒದ್ದೆ.
ಬಂಡೆ ಬಂಡೆಗೂ ಕೆಂಪು ಬಳೆಯೊಳಗೆ ಬಿಳಿ ಬೊಟ್ಟು,
ಯಾರೋ ಕುಂಚ ಹಿಡಿದು ಅಷ್ಟೆತ್ತರ ಹತ್ತಿ
ದಾರಿಗೆ ದೃಷ್ಟಿಯಾಗದಿರಲೆಂದು ಇಟ್ಟ ಹಾಗೆ.
ಪೈನುಗಳು ಮೊದಲು ಮೊಣಕಾಲೆತ್ತರಕ್ಕೆ ಇಳಿದವು,
ಆಮೇಲೆ ಇಲ್ಲವಾದವು.
ಮೋಡ ಬಂತು, ಹೋಯಿತು, ಮತ್ತೆ ಬಂತು,
ಸಾಲ ಕೇಳಲು ಬಂದು ಬಾಯಿ ಬಾರದೆ
ಬಾಗಿಲಲ್ಲೇ ನಿಂತು ಹೋಗುವ ನೆಂಟನಂತೆ.
ಬಿಸಿಲು ಬಿತ್ತೆಂದು ಜಾಕೆಟ್ಟು ಬಿಚ್ಚಿದರೆ
ಎರಡನೇ ತೋಳು ಕಳಚುವಷ್ಟರಲ್ಲಿ ಚಳಿ.
'ಈಗೇನನ್ನುತ್ತೆ ನಿನ್ನ ಕೈ?'
'ಮಾತಾಡಿಸಬೇಡ ಮಿಲೊಯ್ಕಾ, ಲೆಕ್ಕ ಹಾಕ್ತಿದೆ.'

ಏಣಿನ ಮೇಲೆ ಉಕ್ಕಿನ ಹಗ್ಗ.
ಕೈಯಿಟ್ಟೆ. ಗುಂಯ್‌ಗುಟ್ಟಿತು.
ಜೇನಿರಬೇಕೆಂದು ಸುತ್ತ ನೋಡಿದೆ:
ಜೇನಿಲ್ಲ, ಹೂವಿಲ್ಲ, ಗಾಳಿಯೂ ಇಲ್ಲ.
ಮೇಲೆ ತುದಿಯ ತಗಡಿನ ಪೆಟ್ಟಿಗೆ ಕಾಣುತ್ತಿತ್ತು,
ಅದರೊಳಗೊಂದು ಪುಸ್ತಕ, ದಾರಕ್ಕೆ ಕಟ್ಟಿದ ಪೆನ್ಸಿಲ್ಲು,
ಹತ್ತಿದವರ ಹೆಸರು. ನಲವತ್ತು ಹೆಜ್ಜೆ. ಐವತ್ತಿರಲಿ.
ಸಿರಿಲ್ ತಿರುಗಿದ. ಟೋಪಿಯಂಚಿನಲ್ಲಿ ಅವನ ನರೆಗೂದಲು
ಒಂದೊಂದಾಗಿ ಎದ್ದು ನಿಲ್ಲುತ್ತಿತ್ತು,
ಮೇಷ್ಟರು ಬಂದಾಗ ಮಕ್ಕಳು ಏಳುವಂತೆ.
ಕೂದಲೆಳೆಯ ಅಂತರ ಅನ್ನುತ್ತಾರಲ್ಲ,
ಕಣ್ಣಾರೆ ಕಂಡೆ.
ಹತ್ತು ಗಂಟೆ ಐವತ್ತೆರಡು ನಿಮಿಷ.

ಓಡಿದೆವು ಎಂದರೆ ಮಂಡಿ ನಗುತ್ತದೆ.
ಕೂತು, ಜಾರಿ, ಒಬ್ಬರನ್ನೊಬ್ಬರು ಬೈದು,
ಆ ಹಗ್ಗ ಮುಟ್ಟದೆ ಇಳಿದೆವು.
ಊರುಗೋಲುಗಳನ್ನು ಬಿಸಾಕಿದೆವು. ಛತ್ರಿಯನ್ನೂ.
ಬೆನ್ನ ಹಿಂದೆ ಆಕಾಶ ಸೀಳಿತು,
ಒಂದು ಎಂದು ಎಣಿಸುವ ಮೊದಲೇ ಇನ್ನೊಮ್ಮೆ.
ಆಮೇಲೆ ಆಲಿಕಲ್ಲು. ಸೇಬೊಂದು ಚೀಲದಿಂದ ಜಿಗಿದು
ನಮಗಿಂತ ಮುಂಚೆ ಕಣಿವೆ ಸೇರಿತು.

ಬುಡದ ತಂಗುಮನೆಯಲ್ಲಿ ಬಾರ್ಲಿಯ ಬಿಸಿ ಸಾರು.
ಒಂದೂವರೆಗೆ ಕಿಟಕಿಯಾಚೆ ಸ್ಟೊರ್ಝಿಚ್
ಮಿಂದು ಬಂದವನಂತೆ ನಿಚ್ಚಳ,
ನಾಚಿಕೆಯಿಲ್ಲದ ನೀಲಿಯಲ್ಲಿ.
ಗಲ್ಲಾದ ಹುಡುಗಿ ಟಿಂಕಾರಾ ಮುದ್ರೆ ತೆಗೆದಳು:
'ತುದಿಯದೂ ಒಂದು ಇಲ್ಲೇ ಇದೆ.
ಐವತ್ತು ಹೆಜ್ಜೆಗೆ ಯಾರು ಲೆಕ್ಕ ಕೇಳ್ತಾರೆ, ಒತ್ತಲಾ?'
ಕೈಗೆ ಬಂದ ತುತ್ತು. ಶಾಯಿ ಹಸಿ.
ನನ್ನ ಪುಸ್ತಕ ತೆರೆದೇ ಇತ್ತು.

ಮುಚ್ಚಿದೆ. ಸಿರಿಲ್‌ನ ತೋಳು ಎಳೆದು, ಅಂಗಿ ಮಡಿಚಿ,
ಆ ಸೊಟ್ಟ ಮೊಣಕೈಗೆ ಒತ್ತಿಸಿದೆ.

ಬಸ್ಸು ಎಷ್ಟು ಹೊತ್ತಿಗೆಂದು ಅದನ್ನೇ ಕೇಳಿದೆ.
ಅಷ್ಟೆಲ್ಲ ಗೊತ್ತಿರಲಿಲ್ಲ ಅದಕ್ಕೆ.